ದಾವಣಗೆರೆಯ ಗದ್ದೆ-ಹೊಲಗಳಿಗೆ ಮೋಡಿಸ್ ಇಂಗಾಲದ ದತ್ತಾಂಶ: ಬಳಸಿ ನೋಡಿದ ಮೇಲೆ

ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳೂ ಜಗಳೂರು ಕಡೆಯ ಮಳೆಯಾಶ್ರಿತ ಮೆಕ್ಕೆಜೋಳದ ಹೊಲಗಳೂ ಗಾಳಿಯಿಂದ ಎಷ್ಟು ಇಂಗಾಲವನ್ನು ಹೀರಿಕೊಳ್ಳುತ್ತವೆ ಎಂದು ಅರಿಯಲು ನಾನು ಬಳಸುತ್ತಿರುವುದು ನಾಸಾದ ‘ಮಾಡ್17’ ದತ್ತಾಂಶ. 1999ರ ಡಿಸೆಂಬರಿನಲ್ಲಿ ಉಡಾವಣೆಯಾದ ಟೆರ್ರಾ ಉಪಗ್ರಹದ ಮೋಡಿಸ್ ಉಪಕರಣ ಇದರ ಮೂಲ. 2000ದಿಂದ ಈಚಿನ ದಾಖಲೆ ಎಂಟೆಂಟು ದಿನಗಳ ಮೊತ್ತವಾಗಿ ಉಚಿತವಾಗಿ ಸಿಗುತ್ತದೆ. ‘ಆಪಿಯರ್ಸ್’ ಜಾಲಸೇವೆಗೆ ತಾಲ್ಲೂಕಿನ ಗಡಿರೇಖೆ ಕೊಟ್ಟರೆ ಅಷ್ಟೇ ಭಾಗವನ್ನು ಕತ್ತರಿಸಿ ಕೊಡುತ್ತದೆ. ನಿಧಾನಗತಿಯ ಇಂಟರ್ನೆಟ್ ಇರುವವರಿಗೆ ಇದು ದೊಡ್ಡ ಉಪಕಾರ.

ಲೆಕ್ಕದ ತತ್ವ ಸರಳವಾಗಿದೆ: ಎಲೆಗಳು ಹೀರಿದ ಬೆಳಕನ್ನು ಉಪಗ್ರಹದ ಚಿತ್ರದಿಂದ ಅಂದಾಜಿಸಿ, ಆ ಬೆಳಕು ಇಂಗಾಲವಾಗಿ ಮಾರ್ಪಡುವ ದಕ್ಷತೆಯಿಂದ ಗುಣಿಸಿ, ಚಳಿ ಹೆಚ್ಚಾದಾಗಲೂ ಗಾಳಿ ಒಣಗಿದಾಗಲೂ ಆ ದಕ್ಷತೆಯನ್ನು ತಗ್ಗಿಸಲಾಗುತ್ತದೆ. ನಮ್ಮ ಜಿಲ್ಲೆಗೆ ತೊಡಕಾಗುವುದು ಈ ದಕ್ಷತೆಯೇ. ಎಲ್ಲ ಬೆಳೆಭೂಮಿಗೂ ಒಂದೇ ಗರಿಷ್ಠ ಮೌಲ್ಯವನ್ನು ಇಟ್ಟಿರುವುದರಿಂದ, ಸಿ-4 ಸಸ್ಯವಾದ ಮೆಕ್ಕೆಜೋಳಕ್ಕೂ ಸಿ-3 ಸಸ್ಯವಾದ ಭತ್ತಕ್ಕೂ (ಸಿ-3, ಸಿ-4 ಎಂದರೆ ಸಸ್ಯಗಳು ಬೆಳಕಿನಿಂದ ಆಹಾರ ತಯಾರಿಸುವ ಎರಡು ಬೇರೆ ಬೇರೆ ವಿಧಾನಗಳು) ಭೇದವೇ ಉಳಿಯುವುದಿಲ್ಲ. ಪ್ರಖರ ಬಿಸಿಲನ್ನು ಭತ್ತಕ್ಕಿಂತ ಚೆನ್ನಾಗಿ ಬಳಸಿಕೊಳ್ಳುವ ಮೆಕ್ಕೆಜೋಳಕ್ಕೆ ಲೆಕ್ಕದಲ್ಲಿ ನ್ಯಾಯ ಸಿಗುವುದಿಲ್ಲ. ಮಣ್ಣಿನ ತೇವವನ್ನೂ ಲೆಕ್ಕ ನೇರವಾಗಿ ಗಣಿಸುವುದಿಲ್ಲ. ಗಾಳಿಯ ಒಣತನದ ಮಾಹಿತಿ ಹತ್ತಾರು ಕಿಲೋಮೀಟರ್ ಅಗಲದ ಹವಾಮಾನ ಚೌಕಗಳಿಂದ ಬರುವುದರಿಂದ, ಕಾಲುವೆ ನೀರುಂಡ ಗದ್ದೆಗೂ ಅದರಾಚೆಯ ಒಣ ಹೊಲಕ್ಕೂ ಹೆಚ್ಚುಕಡಿಮೆ ಒಂದೇ ಗಾಳಿ ಎಂದಾಗಿಬಿಡುತ್ತದೆ.

ಚಿತ್ರದ ಒಂದೊಂದು ಚೌಕದ, ಅಂದರೆ ಪಿಕ್ಸೆಲ್ಲಿನ, ಅಗಲ ಸುಮಾರು 500 ಮೀಟರ್, ಅಂದರೆ 50 ಎಕರೆಗೂ ಹೆಚ್ಚು. ಚನ್ನಗಿರಿಯ ಅಡಿಕೆ ತೋಟ, ಗದ್ದೆ, ಊರು, ಕೆರೆಯ ಅಂಚು ಎಲ್ಲವೂ ಅದರಲ್ಲಿ ಬೆರೆತುಹೋಗುತ್ತವೆ. ಮುಂಗಾರಿನ ಮೋಡಗಳ ಕಾಲದಲ್ಲಿ ಪ್ರತಿ ಅಂಕಿ ಎಷ್ಟು ನಂಬಲರ್ಹ ಎಂದು ಹೇಳುವ ಗುಣಮಟ್ಟದ ಪದರವನ್ನು ನೋಡದೆ ಅಂಕಿ ಬಳಸಬಾರದು.

ಚಿತ್ರದುರ್ಗದ ಜೋಗಿಮಟ್ಟಿಯಂಥ ಎಲೆ ಉದುರುವ ಕಾಡಿಗೆ ಮಾತ್ರ ಇದನ್ನು ಸಂತೋಷದಿಂದ ಶಿಫಾರಸು ಮಾಡುತ್ತೇನೆ; ಬೇಸಿಗೆಯಲ್ಲಿ ಬೋಳಾಗಿ ಮಳೆ ಬಿದ್ದೊಡನೆ ಚಿಗುರುವ ಲಯವನ್ನು ಹಿಡಿಯಲು ಎಂಟು ದಿನಗಳ ಅಂತರ ಸಾಕು. ಆದರೆ ಇದು ಹೇಳುವುದು ಗಿಡಗಳು ಒಳಗೆಳೆದ ಇಂಗಾಲವನ್ನಷ್ಟೇ. ಮಣ್ಣಿನ ಸೂಕ್ಷ್ಮಜೀವಿಗಳು ಉಸಿರಾಡಿ ವಾತಾವರಣಕ್ಕೆ ಮರಳಿಸುವ ಪಾಲು ಇದರಲ್ಲಿಲ್ಲ. ನಿವ್ವಳ ವಿನಿಮಯ ಬೇಕೆಂದರೆ ಗಾಳಿಯ ಸುಳಿಗಳನ್ನು ಅಳೆಯುವ ಫ್ಲಕ್ಸ್ ಗೋಪುರ ನೆಲದ ಮೇಲಿರಲೇಬೇಕು.

ಬೆಳೆಗಳ ಅಧ್ಯಯನಕ್ಕೆ ಇಳಿಯುವವರು, 10 ಮೀಟರ್ ಸ್ಪಷ್ಟತೆಯ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಂದ ಭತ್ತವನ್ನೂ ಮೆಕ್ಕೆಜೋಳವನ್ನೂ ಮೊದಲು ಬೇರ್ಪಡಿಸಿ, ಪ್ರತಿ ಬೆಳೆಗೂ ತಕ್ಕ ದಕ್ಷತೆಯನ್ನು ತಾವೇ ಇಟ್ಟು ಲೆಕ್ಕ ಹಾಕುವುದು ಒಳ್ಳೆಯದು. ಒಂದೇ ಜಾಗದ 2023ರ ಬರಗಾಲವನ್ನು ಹಿಂದಿನ ವರ್ಷಗಳೊಡನೆ ಹೋಲಿಸುವವರಿಗೆ ಮಾಡ್17 ಇದ್ದಂತೆಯೇ ಸಾಕು.