ವೃತ್ತಿಪತ್ರಿಕೆಗಳ ಕವಿ ಬರ್ಟನ್ ಬ್ರೇಲಿ: 1915ರ ಸಂಕಲನವೂ ಅದರ ಉಚಿತ ಪ್ರತಿಯೂ

ಲೇತು, ಡ್ರಿಲ್ಲು, ಬಾಯ್ಲರುಗಳ ಸುದ್ದಿಯ ನಡುವೆ ಪದ್ಯಕ್ಕೂ ಜಾಗ ಮಾಡಿಕೊಡುತ್ತಿದ್ದ ವೃತ್ತಿಪತ್ರಿಕೆಗಳು ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿದ್ದವು. 1877ರಲ್ಲಿ ಹುಟ್ಟಿದ 'ಅಮೆರಿಕನ್ ಮೆಷಿನಿಸ್ಟ್' ಮತ್ತು 1911ರಲ್ಲಿ ಹೊರಟ 'ಕೋಲ್ ಏಜ್' ಅಂಥವು. ಈ ಪತ್ರಿಕೆಗಳಿಗೂ, ಮನೆಮನೆಯನ್ನು ತಲುಪುತ್ತಿದ್ದ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್'ಗೂ ಒಂದೇ ಹುರುಪಿನಿಂದ ಬರೆದ ಬರ್ಟನ್ ಬ್ರೇಲಿಯ (1882–1966) ಹೆಸರು ಇಂದು ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಕಾಣುವುದೇ ಅಪರೂಪ. ನ್ಯೂಯಾರ್ಕಿನ ಜಾರ್ಜ್ ಎಚ್. ಡೋರನ್ ಸಂಸ್ಥೆ 1915ರಲ್ಲಿ ಹೊರತಂದ ಅವನ 'ಸಾಂಗ್ಸ್ ಆಫ್ ದ ವರ್ಕಡೇ ವರ್ಲ್ಡ್' ಎಂಬ ಸಂಕಲನ ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತದೆ. ಪುಸ್ತಕವನ್ನೂ, ಅದು ಪರದೆಯ ಮೇಲೆ ಓದುಗನ ಕೈಸೇರುವ ರೀತಿಯನ್ನೂ ಇಲ್ಲಿ ಒಟ್ಟಿಗೆ ವಿಮರ್ಶಿಸುತ್ತಿದ್ದೇನೆ.

ಈ ಪದ್ಯಗಳನ್ನು ಓದುವ ಮೊದಲು ಕವಿಯ ಬದುಕನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದಲ್ಲಿ ಹುಟ್ಟಿದ ಬ್ರೇಲಿಯ ತಂದೆ ಆರ್ಥರ್ ಬ್ರೇಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಕವಯಿತ್ರಿ ಎಲಾ ವೀಲರ್ ವಿಲ್ಕಾಕ್ಸ್ ತನ್ನ ಪ್ರಸಿದ್ಧ 'ಸಾಲಿಟ್ಯೂಡ್' ಪದ್ಯದ ಮೊದಲ ಸಾಲುಗಳನ್ನು ಬೆಳಗಿನ ಉಪಾಹಾರದ ವೇಳೆ ಓದಿ ತೋರಿಸಿದ್ದು ಇದೇ ನ್ಯಾಯಾಧೀಶ ದಂಪತಿಗೆ. ಜನಪ್ರಿಯ ಪದ್ಯದ ಗಾಳಿ ಬೀಸುತ್ತಿದ್ದ ಆ ಮನೆಯ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಮಗನಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಹದಿನಾರನೆಯ ವಯಸ್ಸಿಗೆ ಹುಡುಗ ಶಾಲೆ ಬಿಟ್ಟು ನೇಗಿಲು ತಯಾರಿಸುವ ಕಾರ್ಖಾನೆಯಲ್ಲಿ ಕೂಲಿಗೆ ಸೇರಿದ. ಕೆಲವು ವರ್ಷಗಳ ಬಳಿಕ ಓದನ್ನು ಮತ್ತೆ ಕೈಗೆತ್ತಿಕೊಂಡು, ವಿಸ್ಕಾನ್ಸಿನ್ ವಿಶ್ವವಿದ್ಯಾಲಯವನ್ನು ಸೇರಿ, ಪ್ರಾಸ ಮತ್ತು ಛಂದಸ್ಸನ್ನು ಕಲಿಸುವ ಟಾಮ್ ಹುಡ್‌ನ ಕೈಪಿಡಿಯೊಂದನ್ನು ಅಲ್ಲಿ ಕಂಡುಕೊಂಡು, ಪದವಿಯ ನಂತರ ಮೊಂಟಾನಾದ ತಾಮ್ರದ ಗಣಿಗಳ ಊರಾದ ಬ್ಯೂಟ್‌ನಲ್ಲಿ ವರದಿಗಾರನಾಗಿ ದುಡಿದ. ಕಾರ್ಖಾನೆ, ಛಂದಸ್ಸಿನ ಕೈಪಿಡಿ, ಗಣಿಯೂರಿನ ಸುದ್ದಿಮನೆ ಈ ಮೂರೂ ಸೇರಿ ಅವನ ಪದ್ಯವನ್ನು ರೂಪಿಸಿದವೆಂದು ನನ್ನ ನಂಬಿಕೆ.

ಸಂಕಲನದ ದೊಡ್ಡ ಗುಣವೆಂದರೆ ದುಡಿಮೆಯ ಜಗತ್ತನ್ನು ದೂರದಿಂದ ನೋಡಿ ಮರುಗುವ ಧೋರಣೆ ಇಲ್ಲಿಲ್ಲದಿರುವುದು. ಗಣಿಯಲ್ಲಿ ಇಳಿಯುವವನು, ಯಂತ್ರದ ಮುಂದೆ ನಿಲ್ಲುವವನು, ನಕ್ಷೆ ಬರೆಯುವವನು ತನ್ನ ಕೆಲಸದ ಬಗ್ಗೆ ತಾನೇ ಮಾತನಾಡಿದರೆ ಹೇಗಿರುತ್ತದೋ ಆ ದನಿಯನ್ನು ಬ್ರೇಲಿ ಹಿಡಿಯಲು ಯತ್ನಿಸುತ್ತಾನೆ, ಮತ್ತು ಹಲವೆಡೆ ಹಿಡಿದೂ ಇದ್ದಾನೆ. ವೃತ್ತಿಪತ್ರಿಕೆಯ ಓದುಗ ಆ ಕಸುಬನ್ನು ಬಲ್ಲವನಾದ್ದರಿಂದ ಅಲ್ಲಿ ಕವಿಯ ಸಣ್ಣ ತಪ್ಪೂ ಕಣ್ಣಿಗೆ ಬೀಳುತ್ತದೆ. ಬ್ರೇಲಿಯ ಶಬ್ದಗಳಲ್ಲಿರುವ ಬಿಗಿತಕ್ಕೆ ಈ ಎಚ್ಚರವೇ ಕಾರಣವಿರಬೇಕು. ಲಯದಲ್ಲಿ ಕಿಪ್ಲಿಂಗ್‌ನ ಪ್ರಭಾವ ಢಾಳಾಗಿ ಕಾಣುತ್ತದೆ. ಆದರೆ ಸುತ್ತಿಗೆಯ ಏಟಿನಂತೆ ಬೀಳುವ ಆ ಲಯ ಬ್ರೇಲಿಯ ವಸ್ತುವಿಗೆ ಸಹಜವಾಗಿ ಒಪ್ಪುವುದರಿಂದ ಎರವಲು ತಂದದ್ದೆಂಬ ಭಾವನೆ ಬೇಗ ಮರೆಯಾಗುತ್ತದೆ. ಗಟ್ಟಿಯಾಗಿ ಓದಿದಾಗ ಈ ಸಾಲುಗಳು ನಿಜಕ್ಕೂ ಚೆನ್ನಾಗಿ ಕೇಳಿಸುತ್ತವೆ, ಕಣ್ಣಿನಲ್ಲಿ ಮಾತ್ರ ಓದಿದರೆ ಅರ್ಧ ರುಚಿ ತಪ್ಪಿಹೋಗುತ್ತದೆ.

ಅವನ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣುವುದು ಇಂದಿಗೂ ಅಲ್ಲಲ್ಲಿ ಉದ್ಧೃತವಾಗುವ 'ದ ಥಿಂಕರ್' ಪದ್ಯದಲ್ಲಿ. ಉಕ್ಕನ್ನು ಬಡಿಯುವ ಸುತ್ತಿಗೆಯ ಹಿಂದೆ, ಕಾರ್ಖಾನೆಯ ಗದ್ದಲದ ಹಿಂದೆ ಒಂದು ಆಲೋಚನೆ ಇದೆಯೆಂದು ಹೇಳುತ್ತ, ಕಬ್ಬಿಣ, ಹಬೆ, ಉಕ್ಕು ಎಲ್ಲವನ್ನೂ ಆಳುವ ಆ ಆಲೋಚನೆಯ ಒಡೆಯನನ್ನು ಪದ್ಯ ಕೊಂಡಾಡುತ್ತದೆ. 'ಹಿಂದೆ' ಎಂಬ ಮಾತು ಮತ್ತೆಮತ್ತೆ ಬಂದು ಪದ್ಯವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕೌಶಲ ಮೆಚ್ಚತಕ್ಕದ್ದು. ಆದರೆ ಬೆವರು ಸುರಿಸುವವನೂ ಯಂತ್ರದೊಡನೆ ಒಂದೇ ಸಾಲಿನಲ್ಲಿ ನಿಂತುಬಿಡುತ್ತಾನೆ. ಆಲೋಚನೆ ಅವನದೂ ಆಗಿರಬಹುದೆಂಬ ಎಣಿಕೆ ಪದ್ಯಕ್ಕಿಲ್ಲ. ಸ್ವತಃ ನೇಗಿಲ ಕಾರ್ಖಾನೆಯಲ್ಲಿ ದುಡಿದ ಕವಿಯಿಂದ ಇದು ಬಂದಿರುವುದು ನನ್ನನ್ನು ಬೇಸರಗೊಳಿಸುತ್ತದೆ. ಈ ಪದ್ಯವನ್ನು ಮಾಲೀಕನೂ ಕೆಲಸಗಾರನೂ ಒಂದೇ ಪತ್ರಿಕೆಯಲ್ಲಿ ಓದಬೇಕಿತ್ತು, ಇಬ್ಬರಿಗೂ ಹಿಡಿಸಬೇಕಿತ್ತು ಎಂಬ ಒತ್ತಡ ಇಲ್ಲಿ ಕೆಲಸ ಮಾಡಿರಬಹುದು.

ಅವನ ಇನ್ನೊಂದು ಬಗೆಯ ಪದ್ಯಗಳು ಹುರಿದುಂಬಿಸುವಂಥವು. 'ಆಪರ್ಚ್ಯುನಿಟಿ'ಯಲ್ಲಿ ಅತ್ಯುತ್ತಮ ಪುಸ್ತಕ ಇನ್ನೂ ಬರೆಯಲಾಗಿಲ್ಲ, ಅತ್ಯುತ್ತಮ ಓಟ ಇನ್ನೂ ಓಡಲಾಗಿಲ್ಲ ಎಂದು ಎದೆಗುಂದಿದ ಯುವಕನಿಗೆ ಧೈರ್ಯ ಹೇಳುತ್ತಾನೆ. ಇಂಥವು ಒಂದೆರಡಾದರೆ ಸರಿ, ಹೆಚ್ಚಾದರೆ ಉಪದೇಶದ ಭಾರ ಬೀಳುತ್ತದೆ. 1993ರಲ್ಲಿ ಬಂದ 'ವರ್ಚ್ಯೂಸ್ ಇನ್ ವರ್ಸ್' ಎಂಬ ಆಯ್ಕೆ ಹೆಸರಿನಲ್ಲೇ ಸದ್ಗುಣವನ್ನು ಮುಂದಿಟ್ಟಿದೆ. ಬ್ರೇಲಿಯನ್ನು ಮೊದಲು ಓದುವವರು ಅಲ್ಲಿಂದ ತೊಡಗದೆ 1915ರ ಸಂಕಲನಕ್ಕೆ ಬರಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಅವನು ಮರೆಯಾದದ್ದಕ್ಕೆ ಕಾಲವೂ ಕಾರಣ. 1912ರಲ್ಲಿ ಷಿಕಾಗೊದಲ್ಲಿ ಹ್ಯಾರಿಯೆಟ್ ಮನ್ರೊ 'ಪೊಯೆಟ್ರಿ' ಪತ್ರಿಕೆಯನ್ನು ಆರಂಭಿಸಿದಳು, ಮುಕ್ತಛಂದಸ್ಸಿಗೆ ಮನ್ನಣೆ ಬಂದಿತು. ನಮ್ಮಲ್ಲಿ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟುಕೊಟ್ಟದ್ದೂ ಹೆಚ್ಚುಕಡಿಮೆ ಆಗಲೇ, 1911ರ ಹೊತ್ತಿಗೆ. ಪ್ರಾಸದಿಂದಲೇ ಹೊಟ್ಟೆ ಹೊರೆಯುತ್ತಿದ್ದ ಬ್ರೇಲಿ ಆ ದಾರಿಗೆ ಬರಲಿಲ್ಲ. 1934ರ ಆತ್ಮಕಥೆಗೆ ಅವನಿಟ್ಟ 'ಪೆಗಸಸ್ ಪುಲ್ಸ್ ಎ ಹ್ಯಾಕ್' ಎಂಬ ಹೆಸರಿನಲ್ಲಿ ಕಾವ್ಯದ ರೆಕ್ಕೆಗುದುರೆ ಬಾಡಿಗೆ ಬಂಡಿಯನ್ನು ಎಳೆಯುತ್ತದೆ.

ಇನ್ನು ಪ್ರತಿಯ ವಿಷಯ. ಮೂಲ ಪುಟಗಳ ಚಿತ್ರಗಳು ಸ್ಪಷ್ಟವಾಗಿವೆ. ಜಾಲತಾಣದಲ್ಲೇ ಪುಟ ತಿರುವಬಹುದು, ಪಿಡಿಎಫ್ ಇಳಿಸಿಕೊಳ್ಳಬಹುದು, ಪುಸ್ತಕದೊಳಗೆ ಪದ ಹುಡುಕಬಹುದು. ಯಂತ್ರವೇ ಓದಿ ಸಿದ್ಧಪಡಿಸಿದ ಸಾದಾ ಪಠ್ಯವನ್ನು ಮಾತ್ರ ನಂಬುವಂತಿಲ್ಲ. ಗದ್ಯಕ್ಕೆ ಅದು ಹೇಗೋ ಸಾಕಾದೀತು, ಪದ್ಯದಲ್ಲಿ ಸಾಲುಗಳ ಒಳಸರಿತವೂ ಚರಣಗಳ ನಡುವಿನ ಬಿಡುವೂ ಕಳೆದುಹೋಗಿ ಲಯವೇ ಕೆಡುತ್ತದೆ. ಚಿಕ್ಕ ಪರದೆಯ ಫೋನಿನಲ್ಲಿ ಪುಟವನ್ನು ಹಿಗ್ಗಿಸಿಕೊಳ್ಳದೆ ಓದುವುದು ಕಷ್ಟ, ಟ್ಯಾಬ್ಲೆಟ್ ಇದ್ದರೆ ಅನುಕೂಲ. 'ಅಮೆರಿಕನ್ ಮೆಷಿನಿಸ್ಟ್'ನ ಹಳೆಯ ಸಂಪುಟಗಳೂ ಇದೇ ಜಾಲತಾಣದಲ್ಲಿರುವುದರಿಂದ, ತಾಳ್ಮೆಯುಳ್ಳವರು ಅಂಥ ಪತ್ರಿಕೆಯ ಪುಟ ಹೇಗಿತ್ತೆಂಬುದನ್ನೂ ನೋಡಬಹುದು. ಪುಸ್ತಕಕ್ಕಿಂತ ಆ ಪುಟಗಳೇ ಈ ಪದ್ಯಗಳಿಗೆ ಹೆಚ್ಚು ಒಪ್ಪುತ್ತವೆ.

ಜನಪ್ರಿಯ ಕಾವ್ಯದ ಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೂ, ಕಾರ್ಮಿಕ ಬದುಕಿನ ಸಾಹಿತ್ಯವನ್ನು ಅಭ್ಯಾಸ ಮಾಡುವವರಿಗೂ, ಛಂದೋಬದ್ಧವಾಗಿ ಬರೆಯಲು ಕಲಿಯುತ್ತಿರುವವರಿಗೂ ಈ ಸಂಕಲನವನ್ನು ಸಂತೋಷದಿಂದ ಸೂಚಿಸುತ್ತೇನೆ. ಗಹನವಾದ ಪ್ರತಿಮೆಗಳನ್ನು ಬಯಸುವವರಿಗೆ ಇಲ್ಲಿ ನಿರಾಶೆಯಾಗುತ್ತದೆ. ಸಂಚಿಕೆಗೊಂದರಂತೆ ಓದುಗನನ್ನು ಸೇರಲು ಹುಟ್ಟಿದ ಪದ್ಯಗಳಿವು. ಒಂದೇ ಕುಳಿತದಲ್ಲಿ ಮುಗಿಸಹೊರಟರೆ ಹತ್ತನೆಯದರ ಹೊತ್ತಿಗೆ ಪ್ರಾಸದ ಸದ್ದು ಬೇಸರ ತರಿಸುತ್ತದೆ, ಆದ್ದರಿಂದ ಪಿಡಿಎಫ್ ಇಳಿಸಿಟ್ಟುಕೊಂಡು ದಿನಕ್ಕೆ ಒಂದೋ ಎರಡೋ ಓದುವುದು ಮೇಲು.