ಹದಿನಾರು ಕಾಲಿನ ಐಸಿಗಳೆಲ್ಲ ಒಂದೇ ಅಲ್ಲ: ನಮ್ಮ ಕಾಕಾನ ಸ್ಪೆಕ್ಟ್ರಮ್ ಕೆಟ್ಟ ಕಥೆ

ಮನೆಯಲ್ಲಿ ಹಳೆಯ ಸ್ಪೆಕ್ಟ್ರಮ್ ಕಂಪ್ಯೂಟರ್ ಇದ್ದು, ಅದರ ಮೆಮೊರಿ ಜಾಸ್ತಿ ಮಾಡಬೇಕು ಅಂತ ಯೋಚಿಸುತ್ತಿದ್ದರೆ, ಐಸಿ (ಚಿಪ್) ತರಿಸುವ ಮೊದಲು ಇದನ್ನು ಓದಿ. ಚೆನ್ನಾಗಿ ನಡೆಯುತ್ತಿದ್ದ ಯಂತ್ರವೊಂದು ನನ್ನ ಕೈಯಲ್ಲೇ ಎರಡು ಸಲ ಸುಟ್ಟಿತು. ಎರಡೂ ಸಲ ಐದು ನಿಮಿಷ ವೋಲ್ಟೇಜ್ ಅಳೆಯುವ ಮೀಟರ್ ಹಿಡಿದು ಕೂತಿದ್ದರೆ ಅದು ತಪ್ಪುತ್ತಿತ್ತು.

ಯಂತ್ರ ನಮ್ಮ ಕಾಕಾಂದು. ರಾಯಚೂರಿನಲ್ಲಿ ಹೈಸ್ಕೂಲ್ ಗಣಿತ ಮೇಷ್ಟ್ರಾಗಿದ್ದು ನಿವೃತ್ತರಾದವರು. ಎಂಬತ್ತರ ದಶಕದಲ್ಲಿ ಮಸ್ಕತ್‌ನಿಂದ ಬಂದ ಗೆಳೆಯರೊಬ್ಬರು ಅವರಿಗೆ ಅದನ್ನು ತಂದುಕೊಟ್ಟಿದ್ದರು. ರಬ್ಬರ್ ಕೀಗಳ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್. 1982ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದಾಗ 16ಕೆ (16 ಕಿಲೋಬೈಟ್ ಮೆಮೊರಿಯ) ಮಾದರಿಗೆ 125 ಪೌಂಡ್, 48ಕೆ ಮಾದರಿಗೆ 175 ಪೌಂಡ್ ಇತ್ತು. ಕಾಕಾಂದು ಕಡಿಮೆ ಬೆಲೆಯದು, 16ಕೆ.

ಅದರಲ್ಲಿ ಅವರು ಶಾಲೆಯ ಅಂಕಪಟ್ಟಿಗೆ ಒಂದು ಪ್ರೋಗ್ರಾಂ ಬರೆದಿದ್ದರು. ಮೂರು ಸೆಕ್ಷನ್, 180 ಮಕ್ಕಳು. ಒಂದು ಹೆಸರಿಗೆ 20 ಅಕ್ಷರ ಅಂದರೆ 3,600 ಬೈಟ್. ಆರು ವಿಷಯ, ಒಂದು ಮೊತ್ತ. ಸ್ಪೆಕ್ಟ್ರಮ್‌ನಲ್ಲಿ ಒಂದು ಸಂಖ್ಯೆಗೆ 5 ಬೈಟ್ ಬೇಕು, ಹಾಗಾಗಿ ಅಂಕಗಳಿಗೇ 6,300. ಎರಡೂ ಸೇರಿ 9,900 ಬೈಟ್. 16ಕೆ ಯಂತ್ರದಲ್ಲಿ ಪರದೆಗೆ 6,912 ಬೈಟ್ ಹೋಗಿ, ಉಳಿದ ಲೆಕ್ಕಾಚಾರಕ್ಕೆ ಒಂದಿಷ್ಟು ಹೋಗಿ, ನಮ್ಮ ಕೈಗೆ ಸಿಗುವುದು ಸುಮಾರು 9ಕೆ ಅಷ್ಟೇ. ಪ್ರೋಗ್ರಾಂ ಕೂಡ ಅದರಲ್ಲೇ ಕೂರಬೇಕು.

"ಡಿಮ್ ಕೊಟ್ಟ ಕೂಡಲೇ 'ಔಟ್ ಆಫ್ ಮೆಮೊರಿ' ಅಂತಿತ್ತು ನೋಡಪಾ. ಮೂರು ಸೆಕ್ಷನ್ ಒಮ್ಮೆಗೇ ಹಿಡೀಲೇ ಇಲ್ಲ" ಅಂತ ಕಾಕಾ ಈಗಲೂ ಹೇಳುತ್ತಾರೆ. ಡಿಮ್ ಅಂದರೆ ಪಟ್ಟಿಗೆ ಮೆಮೊರಿಯಲ್ಲಿ ಜಾಗ ಕಾದಿರಿಸುವ ಆಜ್ಞೆ. ಆ ನೋಟ್‌ಬುಕ್ ಇನ್ನೂ ಅವರ ಹತ್ತಿರ ಇದೆ. ಅದನ್ನು ನೋಡಿಯೇ ನನಗೆ 48ಕೆ ಮಾಡಿಕೊಡೋಣ ಅನ್ನಿಸಿದ್ದು.

ಕೆಲಸ ನಿಜಕ್ಕೂ ಸುಲಭದ್ದು. ನಮ್ಮ ಬೋರ್ಡಿನಲ್ಲಿ ಮೇಲಿನ ಮೆಮೊರಿಗೆ, ಅಂದರೆ ಮೊದಲಿನ 16ಕೆ ಮೇಲೆ ಸೇರಿಸುವ 32ಕೆಗೆ, ಖಾಲಿ ಸಾಕೆಟ್‌ಗಳು ಮೊದಲೇ ಇದ್ದವು. ಎಂಟು ಮೆಮೊರಿ ಐಸಿ, ಜೊತೆಗೆ ನಾಲ್ಕು ಲಾಜಿಕ್ ಐಸಿ: ಎರಡು 74ಎಲ್‌ಎಸ್157, ಒಂದು 74ಎಲ್‌ಎಸ್32, ಒಂದು 74ಎಲ್‌ಎಸ್00. ಆಗ ಕಂಪನಿ 4532 ಅನ್ನುವ ಮೆಮೊರಿ ಐಸಿ ಹಾಕುತ್ತಿತ್ತು. ಅವು 64 ಕಿಲೋಬಿಟ್ ಐಸಿಗಳೇ, ಆದರೆ ಅರ್ಧ ಭಾಗ ಕೆಟ್ಟಿದ್ದಕ್ಕೆ ಉಳಿದರ್ಧವನ್ನು ಮಾತ್ರ ಬಳಸುವಂಥವು. ಅವುಗಳ ಜಾಗದಲ್ಲಿ ಪೂರ್ತಿ ಚೆನ್ನಾಗಿರುವ 4164 ಹಾಕಿದರೂ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಹಳೇ ಐಸಿ ಮಾರುವ ಒಬ್ಬರಿಂದ ಹನ್ನೆರಡರ ಸೆಟ್ ತರಿಸಿದೆ. ಹಾಕಿದೆ. ಪವರ್ ಕೊಟ್ಟೆ. ಸಿಂಕ್ಲೇರ್ ಹೆಸರಿನ ಸಾಲು ಸ್ವಚ್ಛವಾಗಿ ಮೂಡಿತು.

ಪ್ರಿಂಟ್ ಪೀಕ್ 23732+256*ಪೀಕ್ 23733 ಅಂತ ಕೊಟ್ಟರೆ ಯಂತ್ರಕ್ಕೆ ಎಲ್ಲಿವರೆಗೆ ಮೆಮೊರಿ ಕಂಡಿದೆ ಅಂತ ಗೊತ್ತಾಗುತ್ತದೆ. 48ಕೆ ಆಗಿದ್ದರೆ 65535 ಬರಬೇಕು. ಬಂದದ್ದು 32767. ಅಂದರೆ ಹಳೆಯ 16ಕೆ ಮಾತ್ರ.

ಇಲ್ಲಿ ನಾನು ನಿಂತು ಯೋಚಿಸಬೇಕಿತ್ತು. ಪರದೆಯ ಚಿತ್ರ ಇರುವುದು ಕೆಳಗಿನ 16ಕೆಯಲ್ಲಿ, 16384ನೇ ಜಾಗದಿಂದ. ಕೆಳಗಿನ ಎಂಟು ಐಸಿಗಳಲ್ಲಿ ಒಂದೊಂದು ಒಂದೊಂದು ಬಿಟ್ ಹಿಡಿಯುತ್ತದೆ. ಅವುಗಳಲ್ಲಿ ಒಂದು ಕೆಟ್ಟರೂ ಪರದೆಯ ಮೇಲೆ ಎಂಟು ಚುಕ್ಕಿಗೊಂದರಂತೆ ಸಣ್ಣ ಉದ್ದಗೆರೆ ಕಾಣಬೇಕು. ನನ್ನ ಪರದೆ ತೊಳೆದ ಹಾಗಿತ್ತು. ಕೆಳಗಿನ ಮೆಮೊರಿ ಸರಿ ಇದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ತಪ್ಪು ಇದ್ದದ್ದು ಹೊಸದಾಗಿ ಹಾಕಿದ ಹನ್ನೆರಡರಲ್ಲೇ.

ನಾನು ಮಾರಿದವರಿಗೆ ಫೋನ್ ಮಾಡಿದೆ. ಪರದೆ ಹೇಗಿದೆ ಅಂತ ಅವರು ಕೇಳಲೇ ಇಲ್ಲ. "ಕೆಳಗಿನ ರ್‍ಯಾಮ್ ವೀಕ್ ಆಗಿರುತ್ತೆ ಸರ್, ಎಲ್ಲಾ ಹಳೇ ಮಷೀನ್‌ದೂ ಇದೇ ಕಥೆ. ಇನ್ನೊಂದು ಎಂಟು ಕಳಿಸ್ತೀನಿ, ಅದೇ 16 ಪಿನ್, ಡೈರೆಕ್ಟ್ ಕೂರುತ್ತೆ" ಅಂದರು. ನಂಬಿದೆ. ದುಡ್ಡು ಹಾಕಿದೆ.

ಕೆಳಗಿನ ಎಂಟು ಐಸಿ ಬೋರ್ಡಿಗೆ ಬೆಸುಗೆ ಹಾಕಿದ್ದವು. ಊರಿನಲ್ಲಿ ಟಿವಿ ರಿಪೇರಿ ಮಾಡುವವರ ಹತ್ತಿರ ಕೊಟ್ಟೆ. ಅವರು ಎಂಟನ್ನೂ ಬಿಚ್ಚಿ ಸಾಕೆಟ್ ಹಾಕಿಕೊಟ್ಟರು. ಹಳೆಯ ಐಸಿಗಳನ್ನು ಹಾಳೆಯಲ್ಲಿ ಸುತ್ತಿ ಕೈಗೆ ಕೊಟ್ಟರು, ಅದು ದೊಡ್ಡ ಉಪಕಾರ. ಮನೆಗೆ ಬಂದು ಹೊಸ ಎಂಟು ಐಸಿ ಕೂರಿಸಿದೆ. ಪವರ್ ಕೊಟ್ಟು ಹತ್ತು ಸೆಕೆಂಡೂ ಆಗಿರಲಿಲ್ಲ, ಸುಟ್ಟ ವಾಸನೆ ಬಂತು. ಪ್ಲಗ್ ಕಿತ್ತು ಮುಟ್ಟಿದರೆ ಬೆರಳು ಇಡಲಾಗದಷ್ಟು ಬಿಸಿ.

ಆಗಿದ್ದು ಇಷ್ಟು. ಕೆಳಗಿನ ಸಾಲಿನ ಐಸಿ 4116. ಅದಕ್ಕೆ ಮೂರು ಬಗೆಯ ವೋಲ್ಟೇಜ್ ಬೇಕು: ಒಂದನೇ ಕಾಲಿಗೆ ಮೈನಸ್ 5, ಎಂಟನೇ ಕಾಲಿಗೆ ಪ್ಲಸ್ 12, ಒಂಬತ್ತನೇ ಕಾಲಿಗೆ ಪ್ಲಸ್ 5. ಹದಿನಾರನೇ ಕಾಲು ಗ್ರೌಂಡ್ (ಸೊನ್ನೆ ವೋಲ್ಟ್). ಅವರು ಕಳಿಸಿದ್ದು 4164. ಅದಕ್ಕೆ ಬೇಕಿರುವುದು ಬರೀ 5 ವೋಲ್ಟ್, ಅದೂ ಎಂಟನೇ ಕಾಲಿಗೆ. ಗಾತ್ರ ಒಂದೇ, ಕಾಲು ಹದಿನಾರೇ, ಸಾಕೆಟ್‌ನಲ್ಲಿ ಸರಿಯಾಗಿ ಕೂರುತ್ತವೆ. ಆದರೆ 5 ವೋಲ್ಟ್‌ನ ಐಸಿಗೆ 12 ವೋಲ್ಟ್ ಹೋಯಿತು. ಎಂಟೂ ಹೋದವು. ಆ 12 ವೋಲ್ಟ್ ಮಾಡಿಕೊಡುವ ಝಡ್‌ಟಿಎಕ್ಸ್650 ಟ್ರಾನ್ಸಿಸ್ಟರ್ ಕೂಡ ಹೋಯಿತು. ಬೋರ್ಡಿನ ಮೇಲೆ ಅದಕ್ಕೆ ಟಿಆರ್4 ಅಂತ ಬರೆದಿರುತ್ತದೆ. ಮೈನಸ್ 5 ಕೂಡ ಅದೇ ಕಾಯಿಲ್‌ನಿಂದ ಹುಟ್ಟುವುದರಿಂದ ಅದೂ ನಿಂತಿತು.

ಮಾರಿದವರಿಗೆ ಮತ್ತೆ ಫೋನ್ ಮಾಡಿದೆ. "ನೀವು ಹಾಕಿದ್ದರಲ್ಲಿ ತಪ್ಪಾಗಿರಬೇಕು" ಅಂದರು. ಆಮೇಲೆ ಎತ್ತಲಿಲ್ಲ. ಡೈರೆಕ್ಟ್ ಕೂರುತ್ತೆ ಅಂತ ಹೇಳಿದ್ದು ಫೋನಿನಲ್ಲಿ. ಬರಹದಲ್ಲಿ ಏನೂ ಇರಲಿಲ್ಲ. ನೀವು ತರಿಸುವಾಗ ಐಸಿಯ ಪೂರ್ತಿ ನಂಬರ್ ಮೆಸೇಜಿನಲ್ಲೇ ಬರೆಸಿಕೊಳ್ಳಿ, ಐಸಿಯ ಫೋಟೋ ತರಿಸಿಕೊಳ್ಳಿ.

ಇಷ್ಟಕ್ಕೇ ಮುಗಿದಿದ್ದರೆ ಒಂದು ಟ್ರಾನ್ಸಿಸ್ಟರ್ ಹಾಕಿ ಹಳೆಯ ಎಂಟು ಐಸಿ ವಾಪಸ್ ಕೂರಿಸಿದರೆ ಸಾಕಿತ್ತು. ಹಾಗೇ ಮಾಡಲು ಹೋದೆ. ಇನ್ನೊಂದು ಕಡೆಯಿಂದ ಟ್ರಾನ್ಸಿಸ್ಟರ್ ತರಿಸಿ ಹಾಕಿದೆ. ಈ ಸಲ ಬುದ್ಧಿ ಬಂದಿತ್ತು, ಐಸಿ ಹಾಕುವ ಮೊದಲು ಖಾಲಿ ಸಾಕೆಟ್‌ನಲ್ಲಿ ಅಳೆದೆ. ಮೈನಸ್ 5, ಪ್ಲಸ್ 12, ಪ್ಲಸ್ 5, ಮೂರೂ ಸರಿ. ಆದರೆ ಅಳೆದಿದ್ದು ಮೊದಲನೇ ಸಾಕೆಟ್‌ನಲ್ಲಿ ಮಾತ್ರ.

ಐಸಿ ಬಿಚ್ಚುವಾಗ ಮೂರನೇ ಸಾಕೆಟ್ ಆಚೆ ಒಂದು ತಾಮ್ರದ ಗೆರೆ ಎದ್ದು ತುಂಡಾಗಿತ್ತು. ಅದು ಮೈನಸ್ 5ರ ಗೆರೆ. ನಾಲ್ಕರಿಂದ ಎಂಟರವರೆಗಿನ ಸಾಕೆಟ್‌ಗೆ 12 ವೋಲ್ಟ್ ಹೋಗುತ್ತಿತ್ತು, ಮೈನಸ್ 5 ಹೋಗುತ್ತಿರಲಿಲ್ಲ. 4116ಕ್ಕೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಮೈನಸ್ 5 ಇಲ್ಲದೆ 12 ಮಾತ್ರ ಬಂದರೆ ಅದು ಒಳಗೇ ಬೆಂದುಹೋಗುತ್ತದೆ. ನಲವತ್ತು ವರ್ಷ ರಾಯಚೂರಿನ ಬಿಸಿಲು, ಧೂಳು ಎರಡನ್ನೂ ತಡೆದುಕೊಂಡಿದ್ದ ಐಸಿಗಳಲ್ಲಿ ಐದು ಅವತ್ತು ಹೋದವು. ನನಗೆ ತುಂಬಾ ನೋವಾಗಿದ್ದು ಇದಕ್ಕೇ. ಮೊದಲ ಸಲ ಸುಟ್ಟದ್ದು ಕೊಂಡು ತಂದ ಐಸಿ. ಇವು ಕಾಕಾನ ಯಂತ್ರದ ಜೊತೆಗೇ ಬಂದವು.

ದಯವಿಟ್ಟು ಎಂಟು ಸಾಕೆಟ್ ಇದ್ದರೆ ಎಂಟರಲ್ಲೂ ಅಳೆಯಿರಿ. ಮೀಟರ್‌ನ ಕಪ್ಪು ಮೊನೆ ಹದಿನಾರನೇ ಕಾಲಿಗೆ ಇಟ್ಟು, ಕೆಂಪು ಮೊನೆಯನ್ನು ಒಂದು, ಎಂಟು, ಒಂಬತ್ತಕ್ಕೆ ಮುಟ್ಟಿಸಬೇಕು. ಇಪ್ಪತ್ನಾಲ್ಕು ಸಲ. ಒಂದು ಕಡೆ ಅಂಕಿ ಬರದಿದ್ದರೂ ಐಸಿ ಹಾಕಬೇಡಿ. ಮೊನೆ ಜಾರಿ ಪಕ್ಕದ ಕಾಲಿಗೆ ತಾಗದಂತೆ ನೋಡಿಕೊಳ್ಳಿ, ಎಂಟು ಒಂಬತ್ತು ಎದುರುಬದುರು ಸಾಲಿನ ಕೊನೆಯಲ್ಲಿರುತ್ತವೆ. ಮೇಲಿನ ಮೆಮೊರಿಯ ಸಾಕೆಟ್‌ಗಳ ಲೆಕ್ಕ ಬೇರೆ: ಅಲ್ಲಿ ಎಂಟನೇ ಕಾಲಿಗೆ 5 ವೋಲ್ಟ್, ಹದಿನಾರಕ್ಕೆ ಗ್ರೌಂಡ್. ಪಕ್ಕದಲ್ಲೇ ಇರುವ 74ಎಲ್‌ಎಸ್157ಕ್ಕೆ ಇದು ತಿರುಗುಮುರುಗು, ಹದಿನಾರಕ್ಕೆ 5, ಎಂಟಕ್ಕೆ ಗ್ರೌಂಡ್.

ಅಡಾಪ್ಟರ್ ವಿಷಯವನ್ನೂ ಹೇಳಿಬಿಡುತ್ತೇನೆ. ಸ್ಪೆಕ್ಟ್ರಮ್‌ನದು 9 ವೋಲ್ಟ್, ಆದರೆ ಪಿನ್ನಿನ ಒಳಭಾಗ ಮೈನಸ್, ಹೊರಭಾಗ ಪ್ಲಸ್. ಈಗ ಅಂಗಡಿಯಲ್ಲಿ ಸಿಗುವ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಇದಕ್ಕೆ ಉಲ್ಟಾ. ಅದೇ ಟಿಆರ್4 ಹಾಗೂ ಅದರ ಸುತ್ತಲಿನವು ಹೋಗುವುದಕ್ಕೆ ಇದೂ ಒಂದು ಕಾರಣ. ಯಂತ್ರದ ಹಿಂಬದಿಯ ಕನೆಕ್ಟರ್‌ಗೆ ಏನಾದರೂ ಪವರ್ ಇದ್ದಾಗಲೇ ಸಿಕ್ಕಿಸುವುದು ಇನ್ನೊಂದು ಕಾರಣ.

ಐದು 4116 ಹುಡುಕುವುದೇ ದೊಡ್ಡ ಕೆಲಸವಾಯಿತು. ಹೈದರಾಬಾದಿಗೆ ಹೋದಾಗ ಕೋಠಿಯ ಗುಜರಾತಿ ಗಲ್ಲಿಯಲ್ಲಿ ವಿಚಾರಿಸಿದೆ, ಸಿಗಲಿಲ್ಲ. ಕೊನೆಗೆ ಹಳೆಯ ಬೋರ್ಡುಗಳಿಂದ ಬಿಚ್ಚಿದವನ್ನು ಬೇರೊಬ್ಬರಿಂದ ಏಳು ತರಿಸಿದೆ. ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಉಜ್ಜಿದಾಗ ಎರಡರ ಮೇಲಿನ ನಂಬರ್ ಅಷ್ಟೇ ಅಲ್ಲ, ಕಪ್ಪು ಬಣ್ಣವೂ ಎದ್ದು ಬಂತು. ಬೇರೆ ಯಾವುದೋ ಐಸಿಗೆ ಬಣ್ಣ ಬಳಿದು ಹೊಸ ನಂಬರ್ ಒತ್ತಿದ್ದರು. ಅವೆರಡನ್ನು ಬಿಟ್ಟು ಉಳಿದ ಐದು ಹಾಕಿದೆ. ತುಂಡಾದ ಗೆರೆಗೆ ಸಣ್ಣ ತಂತಿ ಬೆಸೆದೆ. ಇಪ್ಪತ್ನಾಲ್ಕು ಸಲ ಅಳೆದೆ. ಯಂತ್ರ ಎದ್ದಿತು, ಚಿತ್ರ ಸ್ವಚ್ಛ. ಪೀಕ್ ಮಾಡಿದರೆ ಮತ್ತೆ 32767.

ಆಗ ಕೊನೆಗೂ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಮೇಲಿನ ಹನ್ನೆರಡನ್ನೂ ಒಂದೊಂದಾಗಿ ಎತ್ತಿ ಭೂತಗನ್ನಡಿಯಲ್ಲಿ ನೋಡಿದೆ. 74ಎಲ್‌ಎಸ್32ರ ಒಂದು ಕಾಲು ಸಾಕೆಟ್‌ಗೆ ಇಳಿಯದೆ ಐಸಿಯ ಹೊಟ್ಟೆಯ ಕೆಳಗೆ ಮಡಚಿಕೊಂಡಿತ್ತು. ಮೇಲಿನಿಂದ ನೋಡಿದರೆ ಎಲ್ಲ ಕಾಲೂ ಒಳಗೆ ಇಳಿದ ಹಾಗೇ ಕಾಣುತ್ತದೆ. ಮೇಲಿನ ಮೆಮೊರಿಯನ್ನು ಎಬ್ಬಿಸುವ ಸಂಕೇತ ಆ ಐಸಿ ದಾಟಿ ಹೋಗುತ್ತಲೇ ಇರಲಿಲ್ಲ. ಚಿಮುಟದಿಂದ ಕಾಲು ನೇರ ಮಾಡಿ ಕೂರಿಸಿದೆ. 65535.

ಕೆಳಗಿನ ಮೆಮೊರಿ ಮುಟ್ಟುವ ಅಗತ್ಯವೇ ಇರಲಿಲ್ಲ.

ಯಂತ್ರವನ್ನು ಕಾಕಾನ ಮನೆಗೆ ಒಯ್ದು ಟಿವಿಗೆ ಸಿಕ್ಕಿಸಿದೆ. ನಡುವೆ ಏನೇನಾಯಿತು ಅಂತ ಎಲ್ಲ ಹೇಳಿದೆ, ಐದು ಐಸಿ ಹೋದದ್ದನ್ನೂ. ಅವರು ಏನೂ ಅನ್ನಲಿಲ್ಲ. ನೋಟ್‌ಬುಕ್ ತೆಗೆದು, ಕನ್ನಡಕ ಏರಿಸಿಕೊಂಡು, 180 ಮಕ್ಕಳ ಎರಡೂ ಡಿಮ್ ಸಾಲುಗಳನ್ನು ನಿಧಾನಕ್ಕೆ ಒತ್ತಿದರು. ಪರದೆಯ ಕೆಳಗೆ "0 ಓಕೆ" ಅಂತ ಬಂತು. "ಹಿಡೀತಲ್ಲೋ" ಅಂದರು.