ಶಿವಮೊಗ್ಗದ ಪೆಟ್ ಅಂಗಡಿಯಲ್ಲಿ ಟ್ಯಾರಂಟುಲಾ: ಬಣ್ಣ ನೋಡಿ ದುಡ್ಡು ಕೊಡಬೇಡಿ

ಶಿವಮೊಗ್ಗದಲ್ಲಿ ಟ್ಯಾರಂಟುಲಾ, ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡ, ಇಟ್ಟಿರುವ ಪೆಟ್ ಅಂಗಡಿಯೊಂದಕ್ಕೆ ಹೋಗಿದ್ದೆ. ಹೆಸರು ಹಾಕಲ್ಲ, ಬೈಗುಳ ಸ್ವಲ್ಪ ಜಾಸ್ತಿ ಇದೆ. ಅಕ್ಕನ ಮಗ, ಕಾಲೇಜು ಹುಡುಗ, "ಚಿಕ್ಕಮ್ಮ, ನೀಲಿದೇ ಬೇಕು" ಅಂತ ಹಟ ಹಿಡಿದಿದ್ದ. ನಾನು ಜೇಡ ಸಾಕುವವಳು ಅಂತ ಜೊತೆಗೆ ಕರೆದ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಡಬ್ಬಿಗಳು ಶುಚಿಯಾಗಿವೆ. ಒಂದರಲ್ಲಿ ಒಂದೇ ಜೇಡ, ನೀರಿನ ಬಟ್ಟಲು ತುಂಬಿದೆ, ಗಾಳಿಗೆ ತೂತುಗಳಿವೆ. ಆದರೆ ಲೇಬಲ್? "ಬ್ಲೂ", "ಬ್ಲೂ ಬೇಬಿ", "ರೆಡ್ ಲೆಗ್". ಅಷ್ಟೇ. ಇದೇನು ಸೀರೆ ಅಂಗಡಿಯಾ, ಬಣ್ಣ ಹೇಳಿ ತೆಗೆಸಿಕೊಂಡು ಹೋಗೋಕೆ?

"ಬ್ಲೂ" ಡಬ್ಬಿಯಲ್ಲಿ ಮೊದಲು ಏನೂ ಕಾಣಲಿಲ್ಲ. ಬರೀ ಮಣ್ಣು, ಮೂಲೆಯಲ್ಲೊಂದು ಬಿಲ. ಮೊಬೈಲ್ ಟಾರ್ಚ್ ಬಿಟ್ಟಾಗ ಬಿಲದ ಬಾಯಲ್ಲಿ ಒಂದು ಕಾಲು ಕಂಡಿತು. ಕಪ್ಪು ಅನ್ನಿಸಿದ್ದು ಬೆಳಕು ಬಿದ್ದ ಕೂಡಲೇ ಕಡು ನೀಲಿ. ಅಂಗಡಿ ಹುಡುಗ ಡಬ್ಬಿಗೆ ಬೆರಳಲ್ಲಿ ಟಕಟಕ ಅಂತ ಬಡಿದ. ಅದು ನುಗ್ಗಿ ಬಂದು ಮುಂದಿನ ಕಾಲು ಮೇಲೆತ್ತಿ ಹಲ್ಲು ಕಿರಿದು ನಿಂತಿತು, ಇಳಿಸಲೇ ಇಲ್ಲ. "ಸ್ವಲ್ಪ ಆಕ್ಟಿವ್ ಮೇಡಂ" ಅಂದ. ಸ್ವಲ್ಪವಂತೆ! ಅದು ಕೋಬಾಲ್ಟ್ ಬ್ಲೂ, ಸಿರಿಯೋಪಾಗೋಪಸ್ ಲಿವಿಡಸ್, ಮ್ಯಾನ್ಮಾರ್-ಥಾಯ್ಲೆಂಡ್ ಕಡೆಯದು. ಭಯಂಕರ ಸಿಟ್ಟು, ಓಟವೂ ಜೋರು. ದಿನವೆಲ್ಲ ಬಿಲದೊಳಗೇ ಇರುವುದರಿಂದ ದುಡ್ಡು ಕೊಟ್ಟ ಬಣ್ಣ ಕಣ್ಣಿಗೂ ಬೀಳುವುದಿಲ್ಲ. ಮೊದಲ ಸಲ ಸಾಕುವವರಿಗೆ ಇದನ್ನು ತೋರಿಸಲೂ ಬಾರದು.

"ಬ್ಲೂ ಬೇಬಿ" ಇನ್ನೊಂದೇ ಕಥೆ. ಅದು ಕ್ಯಾರಿಬೆನಾ ವರ್ಸಿಕಲರ್, ಮಾರ್ಟಿನಿಕ್ ದ್ವೀಪದ ಮರ ಹತ್ತುವ ಜೇಡ. ಸ್ವಭಾವ ಪರವಾಗಿಲ್ಲ, ಕಚ್ಚುವುದಕ್ಕಿಂತ ಜಿಗಿದು ಓಡುವುದೇ ಜಾಸ್ತಿ. ಮರಿಯಲ್ಲಿ ಮುದ್ದಾದ ನೀಲಿ, ಬೆಳೆದ ಮೇಲೆ ತಲೆಭಾಗ ಹಸಿರು, ಹೊಟ್ಟೆ ಕೆಂಪು, ಕಾಲಿಗೆ ನೇರಳೆ ಛಾಯೆ. ನನ್ನ ಕಣ್ಣಿಗೆ ಆಗಲೇ ಚಂದ. ಆದರೆ ನೀಲಿ ಬೇಕು ಅಂತ ತಂದವನು ಆಮೇಲೆ ಜಗಳಕ್ಕೆ ಬರುತ್ತಾನೆ.

ಒಳ್ಳೆಯ ನೀಲಿ ಅಂದರೆ ಗ್ರೀನ್ ಬಾಟಲ್ ಬ್ಲೂ ಅನ್ನುವ ಟ್ಯಾರಂಟುಲಾ. ನೀಲಿ ಕಾಲು, ಕಿತ್ತಳೆ ಹೊಟ್ಟೆ, ಹಸಿರು ತಲೆಭಾಗ. ದೊಡ್ಡದಾದ ಮೇಲೆ ಗುರುತು ತಪ್ಪುವುದೇ ಇಲ್ಲ. ಬಲೆಯನ್ನೂ ಡಬ್ಬಿ ತುಂಬಾ ಹೆಣೆಯುತ್ತದೆ. ಗಾಬರಿ ಸ್ವಭಾವ, ಆದರೆ ಸುಮ್ಮನೆ ಕಚ್ಚಲು ಬರುವುದಿಲ್ಲ. ಒಂದೇ ತೊಂದರೆ, ಇದು ವೆನೆಜುವೆಲಾದ ಒಣ ನೆಲದ್ದು. ತೀರ್ಥಹಳ್ಳಿ, ಹೊಸನಗರದ ಮಳೆಗಾಲದಲ್ಲಿ ನಮ್ಮ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿದ ಡಬ್ಬಿ ಬಿಡುತ್ತದಾ? ಅಂಗಡಿಯವರು "ದಿನಾ ನೀರು ಸ್ಪ್ರೇ ಮಾಡಿ" ಅನ್ನುತ್ತಾರೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಸ್ಪ್ರೇ ಬೇಡವೇ ಬೇಡ. ಗಾಳಿ ಆಡಬೇಕು, ಬಟ್ಟಲಲ್ಲಿ ನೀರಿದ್ದರೆ ಸಾಕು.

ಅಂಗಡಿಯವರು ಇನ್ನೊಂದು ಮಾತು ತೆಗೆದರು: "ಗೂಟಿ ನೀಲಿ ಬೇಕಾದರೆ ತರಿಸೋಣ." ಅಲ್ಲಿಗೆ ನಾನು ಕೈ ಮುಗಿದೆ. ಅದು ಪೊಯಿಸಿಲೋಥೇರಿಯಾ ಮೆಟಾಲಿಕಾ, ಆಂಧ್ರದ ಗೂಟಿಯಲ್ಲಿ ಸಿಕ್ಕಿದ್ದನ್ನು 1899ರಲ್ಲಿ ವಿವರಿಸಿದ್ದು. ಆಮೇಲೆ ನೂರು ವರ್ಷ ಪತ್ತೆ ಇಲ್ಲ, 2001ರಲ್ಲಿ ನಂದ್ಯಾಲ-ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು. ಈಗ ಅಳಿವಿನ ಅಂಚಿನಲ್ಲಿದೆ. ವಿಷವೂ ಜೋರು, ಕಚ್ಚಿದರೆ ಮೈಯ ಸ್ನಾಯುಗಳು ಹಿಡಿದುಕೊಳ್ಳುತ್ತವೆ. ನಮ್ಮ ಘಟ್ಟದಲ್ಲೇ ಇದರ ಸಂಬಂಧಿಗಳು ಮರದ ಪೊಟರೆಯಲ್ಲಿವೆ, ದರೆಯಲ್ಲಿ ಬಿಲ ಮಾಡುವ ಥ್ರಿಗ್ಮೋಪಿಯಸ್ ಅನ್ನುವ ಟ್ಯಾರಂಟುಲಾ ಬೇರೆ ಇದೆ. ತೋಟದಲ್ಲಿ ಸಿಕ್ಕಿತು ಅಂತ ಬಾಟಲಿಗೆ ಹಾಕಿಕೊಳ್ಳಬೇಡಿ ಮಾರಾಯ್ರೆ, ಇದ್ದಲ್ಲೇ ಇರಲಿ.

ಕೊನೆಗೆ ಮನಸ್ಸಿಗೆ ಬಂದದ್ದು ಯಾರೂ ಕೇಳದ "ರೆಡ್ ಲೆಗ್". ಕೆಂಪು ಕಾಲಿನವು ಹಲವು ಇವೆ, ಹಾಗಾಗಿ ಮೇಲಿನಿಂದ ಬಗ್ಗಿ ನೋಡಿದೆ. ತಿಳಿ ಬಣ್ಣದ ತಲೆಭಾಗ, ಅದರ ಮುಂಭಾಗದಲ್ಲಿ ಕಪ್ಪು ತ್ರಿಕೋನ. ಸರಿ, ಬ್ರಾಕಿಪೆಲ್ಮಾ ಎಮಿಲಿಯಾ, ಮೆಕ್ಸಿಕೋದ್ದು. ನಿಧಾನ, ಗಂಭೀರ, ಬಿಲದ ಹೊರಗೇ ಕೂತಿರುತ್ತದೆ. ರೇಗಿಸಿದರೆ ಹಿಂಗಾಲಿನಿಂದ ಹೊಟ್ಟೆಯ ಕೂದಲು ಉದುರಿಸುತ್ತದೆ, ತುರಿಕೆ ಬರುತ್ತದೆ, ಕಣ್ಣಿಗಂತೂ ಬೀಳಬಾರದು. ಯಾವ ಟ್ಯಾರಂಟುಲಾ ಆದರೂ ಅಂಗೈ ಮೇಲೆ ಬಿಟ್ಟುಕೊಳ್ಳುವ ಚಟ ಬೇಡ, ಕೆಳಗೆ ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು.

ಅಂಗಡಿಯವರ ಒಂದು ಕೆಲಸ ಮಾತ್ರ ಮೆಚ್ಚಿದೆ. ಈ ರೆಡ್ ಲೆಗ್ ಬಿಟ್ಟ ಪೊರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಎತ್ತಿಟ್ಟಿದ್ದರು. ಗಂಡೋ ಹೆಣ್ಣೋ ಅಂತ ನೋಡುವುದು ಪೊರೆಯ ಒಳಭಾಗದಿಂದಲೇ. ಇದು ಹೆಣ್ಣು. ಹೆಣ್ಣಾದರೆ ಇಪ್ಪತ್ತು ವರ್ಷ ದಾಟಿಯೂ ಬದುಕಬಹುದು, ಗಂಡು ಅಷ್ಟು ಕಾಲ ಬಾಳುವುದಿಲ್ಲ. ಬೆಲೆಯಲ್ಲಿ ವ್ಯತ್ಯಾಸ ಇರುವುದು ಇದಕ್ಕೇ.

ಆದರೂ ಅವತ್ತು ತರಲಿಲ್ಲ. ಬ್ರಾಕಿಪೆಲ್ಮಾ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಪಟ್ಟಿಯಲ್ಲಿದೆ, ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿ ಆದ ಮೇಲೆ ಅಂಥ ಪ್ರಾಣಿ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದ ಕೇಳಿದರೆ "ಅದೆಲ್ಲ ಯಾರೂ ಕೇಳಲ್ಲ ಮೇಡಂ" ಅಂದರು. ನಾನು ಕೇಳ್ತಾ ಇದೀನಲ್ಲ ಅಂದೆ. ಬಿಲ್ಲು, ಮೂಲದ ದಾಖಲೆ ತರಿಸಿ ಫೋನ್ ಮಾಡುತ್ತೇವೆ ಅಂದಿದ್ದಾರೆ.

ಶುಚಿಗೆ ನಾಲ್ಕು ಸ್ಟಾರ್, ಲೇಬಲ್ಲಿಗೆ ಒಂದು, ಕಾಗದಕ್ಕೆ ಸದ್ಯ ಸೊನ್ನೆ. ಮೇವಿನ ಕ್ರಿಕೆಟ್ ಹುಳ ಮಾತ್ರ ಅಲ್ಲೇ ತಗೊಳ್ಳಿ, ಚೆನ್ನಾಗಿವೆ.